ಬಿದನೂರಿನ ಕೋಟೆಯೂ ಫ್ರಾನ್ಸಿನ ಕಥೆಗಾರರೂ

ಸಮುದ್ರದಾಳದಲ್ಲಿ ಸಂಚರಿಸುವ ‘ನಾಟಿಲಸ್’ ಹಡಗು, ಅದರ ಒಡೆಯ ಕ್ಯಾಪ್ಟನ್ ನೆಮೊ - ಈ ಹೆಸರುಗಳನ್ನು ತಾವು ಕೇಳಿರಬಹುದು. ಫ್ರಾನ್ಸಿನ ಸಾಹಸ ಕಾದಂಬರಿಕಾರ ಜೂಲ್ ವರ್ನ್ (1828-1905) ಸೃಷ್ಟಿಸಿದ ಪಾತ್ರವಿದು. ಈ ನೆಮೊ ನಮ್ಮ ಟಿಪ್ಪು ಸುಲ್ತಾನನ ಸೋದರಳಿಯನೆಂದು ವರ್ನ್ ಬರೆದಿದ್ದಾನೆ. ಎಲ್ಲಿಯ ಫ್ರಾನ್ಸ್, ಎಲ್ಲಿಯ ಟಿಪ್ಪು? ಈ ನಂಟಿನ ಜಾಡು ಹಿಡಿದು ಹೊರಟರೆ ನಾವು ಬಂದು ನಿಲ್ಲುವುದು ಮಲೆನಾಡಿನಲ್ಲಿ.

ಕೆಳದಿ ಅರಸರ ಮೊದಲ ರಾಜಧಾನಿಗಳಾದ ಕೆಳದಿ ಮತ್ತು ಇಕ್ಕೇರಿ ಸಾಗರ ತಾಲ್ಲೂಕಿನಲ್ಲಿವೆ. ಅನಂತರದ ರಾಜಧಾನಿ ಬಿದನೂರು, ಅಂದರೆ ಇಂದಿನ ನಗರ, ಹೊಸನಗರ ತಾಲ್ಲೂಕಿನಲ್ಲಿದೆ. ಅವರ ಭದ್ರಕೋಟೆ ಕವಲೇದುರ್ಗ ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. ಮೆಣಸು, ಅಕ್ಕಿಗಳ ವ್ಯಾಪಾರದಿಂದ ಬೆಳೆದ ಈ ಸಂಸ್ಥಾನವನ್ನು ಹೈದರಾಲಿ 1763ರಲ್ಲಿ ಗೆದ್ದುಕೊಂಡ. ರಾಣಿ ವೀರಮ್ಮಾಜಿ ಮಧುಗಿರಿಯ ಕೋಟೆಯಲ್ಲಿ ಸೆರೆಯಾದಳು. ಬಿದನೂರು ‘ಹೈದರ್ ನಗರ’ವಾಯಿತು. ಅಲ್ಲಿ ದೊರೆತ ಅಪಾರ ಸಂಪತ್ತು, ಕರಾವಳಿಯ ಬಂದರುಗಳು ಹೈದರನ ಏಳಿಗೆಗೆ ಬುನಾದಿಯಾದವು.

ಹೈದರನ ಸೇನೆಯಲ್ಲಿ ಫ್ರೆಂಚರೂ ಇದ್ದರು. ಅವರಲ್ಲೊಬ್ಬನಾದ ಮೇತ್ರ್ ದ ಲಾ ತೂರ್ ಬರೆದ ಹೈದರನ ಚರಿತ್ರೆ 1783ರಲ್ಲಿ ಪ್ರಕಟವಾಯಿತು. ಅದೇ ವರ್ಷ ಇಂಗ್ಲಿಷರು ಬಿದನೂರನ್ನು ಹಿಡಿದರು. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮರಳಿ ಪಡೆದ. 1788ರಲ್ಲಿ ಟಿಪ್ಪುವಿನ ಮೂವರು ರಾಯಭಾರಿಗಳು ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯನ್ನು ಕಂಡರು. ಹೀಗೆ ಮೈಸೂರಿನ ಹೆಸರು ಪ್ಯಾರಿಸ್ ಜನರ ಬಾಯಲ್ಲಿ ನೆಲೆಯೂರಿತು.

ಇನ್ನು ನಾಟಕಕಾರರ ಮಾತು. ಎತಿಯೆನ್ ದ ಜೂಯಿ (1764-1846) ತಾರುಣ್ಯದಲ್ಲಿ ಸೈನಿಕನಾಗಿ ಭಾರತಕ್ಕೆ ಬಂದಿದ್ದವನು. ರೊಸ್ಸಿನಿಯ ಪ್ರಸಿದ್ಧ ಸಂಗೀತ ನಾಟಕ ‘ವಿಲಿಯಂ ಟೆಲ್’ನ ಸಾಹಿತ್ಯ ರಚಿಸಿದವರಲ್ಲಿ ಇವನೂ ಒಬ್ಬ. ಶ್ರೀರಂಗಪಟ್ಟಣದ ಪತನವನ್ನು ಕುರಿತ ಇವನ ದುರಂತ ನಾಟಕ ‘ತಿಪ್ಪೊ ಸಾಯೆಬ್’ 1813ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನಗೊಂಡಿತು. ಅದು ನೆಪೋಲಿಯನ್ನನ ಕಾಲ. ಇಂಗ್ಲೆಂಡ್ ಜೊತೆ ಸೆಣಸುತ್ತಿದ್ದ ಫ್ರಾನ್ಸಿಗೆ, ಇಂಗ್ಲಿಷರೆದುರು ಹೋರಾಡಿ ಮಡಿದ ಅರಸ ತಕ್ಕ ನಾಯಕನಾಗಿ ಕಂಡದ್ದರಲ್ಲಿ ಆಶ್ಚರ್ಯವೇನು?

ಜೂಲ್ ವರ್ನ್ ಕೂಡ ಮೊದಲು ಕಾಲಿಟ್ಟದ್ದು ರಂಗಭೂಮಿಗೇ. ‘ಮೂವರು ಬಂಟರು’ ಕಥೆಯಿಂದ ಹೆಸರಾದ ಅಲೆಕ್ಸಾಂಡರ್ ಡ್ಯೂಮಾ ಕಟ್ಟಿಸಿದ್ದ ರಂಗಮಂದಿರದಲ್ಲಿ 1850ರಲ್ಲಿ ಅವನ ಪುಟ್ಟ ನಾಟಕ ರಂಗವೇರಿತು. ನೆಮೊನನ್ನು ರಷ್ಯನ್ನರ ವಿರುದ್ಧ ಸಿಡಿದೆದ್ದ ಪೋಲೆಂಡಿನವನನ್ನಾಗಿ ಮಾಡಬೇಕೆಂಬುದು ವರ್ನ್‌ನ ಮೊದಲ ಯೋಚನೆ. ಪ್ರಕಾಶಕ ಎಟ್ಜೆಲ್ ಒಪ್ಪಲಿಲ್ಲ. ರಷ್ಯದಲ್ಲಿ ಪುಸ್ತಕದ ಮಾರಾಟಕ್ಕೆ ಧಕ್ಕೆಯಾದೀತೆಂಬುದು ಅವನ ಅಳುಕು. ಕಡೆಗೆ 1874-75ರ ‘ನಿಗೂಢ ದ್ವೀಪ’ ಕಾದಂಬರಿಯಲ್ಲಿ ನೆಮೊ ಬುಂದೇಲ್‌ಖಂಡದ ರಾಜಕುಮಾರ ದಕ್ಕರ್ ಆದ. 1857ರ ದಂಗೆಯಲ್ಲಿ ಎಲ್ಲವನ್ನೂ ಕಳೆದುಕೊಂಡು ಕಡಲಿಗಿಳಿದ ಟಿಪ್ಪುವಿನ ಬಂಧುವಾದ. ಇದು ಕೇವಲ ಕಲ್ಪನೆ. ಆದರೂ ಬ್ರಿಟಿಷರು ಭಾರತವನ್ನಾಳುತ್ತಿದ್ದಾಗಲೇ ಯುರೋಪಿನ ಮಕ್ಕಳು ಒಬ್ಬ ಭಾರತೀಯ ಬಂಡಾಯಗಾರನನ್ನು ಮೆಚ್ಚಿ ಓದಿದರು ಎಂಬುದು ಸಣ್ಣ ಮಾತಲ್ಲ.

ಆದರೆ ಓದುಗರೇ, ಒಂದನ್ನು ಗಮನಿಸಿ. ಫ್ರಾನ್ಸಿನ ಲೇಖಕರಿಗೆ ಬೇಕಾಗಿದ್ದುದು ತಮ್ಮ ಶತ್ರುವಿನ ಶತ್ರು. ಆ ಶತ್ರುವಿನ ತಂದೆ ಗೆದ್ದ ನಾಡು ಯಾವುದು, ಸೆರೆಮನೆ ಸೇರಿದ ರಾಣಿ ಯಾರು ಎಂಬುದು ಅವರಿಗೆ ಬೇಕಿರಲಿಲ್ಲ. ವೀರಮ್ಮಾಜಿಯನ್ನು 1767ರಲ್ಲಿ ಮರಾಠರು ಮಧುಗಿರಿಯಿಂದ ಬಿಡಿಸಿದರು. ಪುಣೆಯ ದಾರಿಯಲ್ಲಿ ಅವಳು ತೀರಿಕೊಂಡಳು. ಅವಳ ಬದುಕು ಯಾವ ಸಾಹಸ ಕಾದಂಬರಿಗೆ ಕಡಿಮೆ? ನೆಮೊನ ಕಥೆಯನ್ನು ಮಕ್ಕಳಿಗೆ ಹೇಳಿ, ಸಂತೋಷ. ಜೊತೆಗೆ ನಗರದ ಕೋಟೆಯನ್ನೂ ತೋರಿಸಿ, ವೀರಮ್ಮಾಜಿಯ ಕಥೆಯನ್ನೂ ಹೇಳಿ. ಅದನ್ನು ನಾವು ಹೇಳದಿದ್ದರೆ ಪ್ಯಾರಿಸ್ಸಿನವರು ಹೇಳಲಾರರು.