ಮುದ್ರೆಯೂ ಬೆರಳ ಗುರುತೂ

ಹೊಲವನ್ನು ಕಳ್ಳನು ಹೊತ್ತುಕೊಂಡು ಹೋಗಲಾರನು. ಬೆಳೆಯನ್ನು ಕೊಯ್ಯಬಹುದು, ಎತ್ತನ್ನು ಬಿಚ್ಚಬಹುದು, ಬದುವನ್ನು ಒಂದು ಗೇಣು ಸರಿಸಬಹುದು. ಭೂಮಿಯು ಇದ್ದಲ್ಲಿಯೇ ಇರುವುದು. ಆದರೆ ಆ ಭೂಮಿಯು ಯಾರದೆಂದು ಬರೆದಿಟ್ಟ ಕಾಗದದಲ್ಲಿ ಒಂದು ಹೆಸರನ್ನು ಕೆರೆದು ಮತ್ತೊಂದನ್ನು ಬರೆದರೆ ಇಡೀ ಹೊಲವು ಸದ್ದಿಲ್ಲದೆ ಕೈಬಿಟ್ಟು ಹೋಗುವುದು. ಆದುದರಿಂದ ಹೊಲಕ್ಕೆ ಬೇಲಿಯು ಎಷ್ಟು ಅವಶ್ಯವೋ ದಾಖಲೆಗೆ ಕಾವಲೂ ಅಷ್ಟೇ ಅವಶ್ಯ. ಇಂದು ನಮ್ಮ ಚಿಂಚೋಳಿ ತಾಲೂಕಿನ ಚಿಮ್ಮನಚೋಡದಂತಹ ಊರಿನ ರೈತನ ಪಹಣಿಯು ಬಟ್ಟೆಯಲ್ಲಿ ಕಟ್ಟಿದ ದಫ್ತರದಲ್ಲಿಲ್ಲ, ಗಣಕಯಂತ್ರದಲ್ಲಿದೆ. ಆ ಯಂತ್ರದ ಬಾಗಿಲನ್ನು ಯಾರು ತೆರೆಯಬಹುದು, ತೆರೆದವನು ಏನನ್ನು ನೋಡಬಹುದು, ಏನನ್ನು ತಿದ್ದಬಹುದು ಎಂಬುದನ್ನು ನಿಶ್ಚಯಿಸುವ ವ್ಯವಸ್ಥೆಗೆ ಪ್ರವೇಶಾಧಿಕಾರದ ನಿಯಂತ್ರಣವೆಂದು ಹೆಸರು. ಇದು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆಯೆಂದು ಅನೇಕರು ಭಾವಿಸಿರುವರು. ಯಂತ್ರವು ಹೊಸದು, ನಿಜ. ಪ್ರಶ್ನೆಯು ಬಹು ಹಳೆಯದು. ಅದರ ಚರಿತ್ರೆಯನ್ನು ಯಥಾಮತಿಯಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ದೂರ ಹೋಗಬೇಕಾದುದಿಲ್ಲ, ನೆರೆಯ ಸೇಡಂ ತಾಲೂಕಿನ ಮಳಖೇಡದಿಂದಲೇ ಆರಂಭಿಸೋಣ. ಇದು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವೆಂಬುದು ಸರ್ವವಿದಿತ. ಆ ಅರಸರು ಗ್ರಾಮವನ್ನೋ ಭೂಮಿಯನ್ನೋ ದಾನಮಾಡಿದಾಗ ತಾಮ್ರದ ಹಲಗೆಗಳ ಮೇಲೆ ಬರೆಯಿಸಿ, ಹಲಗೆಗಳಿಗೆ ರಂಧ್ರವಿಕ್ಕಿ, ಒಂದು ಬಳೆಯಲ್ಲಿ ಪೋಣಿಸಿ, ಬಳೆಯ ಎರಡು ತುದಿಗಳನ್ನೂ ರಾಜಮುದ್ರೆಯ ಕೆಳಗೆ ಬೆಸೆಯುತ್ತಿದ್ದರು. ಚಾಲುಕ್ಯರ ಮುದ್ರೆಯಲ್ಲಿ ವರಾಹವು, ರಾಷ್ಟ್ರಕೂಟರ ಮುದ್ರೆಯಲ್ಲಿ ಸಾಮಾನ್ಯವಾಗಿ ಗರುಡನು ಕಾಣುವುದು. ನಡುವಿನ ಒಂದು ಹಲಗೆಯನ್ನು ತೆಗೆದು ಬೇರೊಂದನ್ನು ಸೇರಿಸಬೇಕಾದರೆ ಬಳೆಯನ್ನು ಕತ್ತರಿಸಲೇ ಬೇಕು; ಕತ್ತರಿಸಿದರೆ ಗುರುತು ಉಳಿಯಲೇ ಬೇಕು. ಬೀಗವು ಕಳ್ಳನನ್ನು ತಡೆಯುವುದು. ಮುದ್ರೆಯಾದರೋ ಕಳ್ಳತನವಾದುದನ್ನು ಹೇಳುವುದು. ಈ ಭೇದವನ್ನು ವಾಚಕರು ಮನಸ್ಸಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ.

ಇಷ್ಟಾದರೂ ವಂಚಕರು ಸುಮ್ಮನಿರಲಿಲ್ಲ. ಕೂಟಶಾಸನಗಳು, ಅಂದರೆ ಸುಳ್ಳು ದಾನಪತ್ರಗಳು, ಎಷ್ಟಿದ್ದುವೆಂದರೆ, ಕನ್ನಡ ಶಾಸನಗಳ ಶೋಧನೆಯಲ್ಲಿ ಪ್ರಸಿದ್ಧರಾದ ಫ್ಲೀಟ್ ಮಹಾಶಯರು ೧೯೦೧ರಲ್ಲಿ ಅವುಗಳದೇ ಒಂದು ಪಟ್ಟಿಯನ್ನು ಪ್ರಕಟಿಸಬೇಕಾಯಿತು. ನಮ್ಮ ಇಮ್ಮಡಿ ಪುಲಕೇಶಿಗೆ ಸೋತ ಹರ್ಷವರ್ಧನನ ಮಧುಬನ ತಾಮ್ರಶಾಸನವು ಈ ವಿಷಯದಲ್ಲಿ ಒಳ್ಳೆಯ ಸಾಕ್ಷಿ. ಸುಮಾರು ಕ್ರಿ. ಶ. ೬೩೧ರ ಆ ಶಾಸನದಲ್ಲಿ, ವಾಮರಥ್ಯನೆಂಬ ಬ್ರಾಹ್ಮಣನು ಕೂಟಶಾಸನದ ಬಲದಿಂದ ಸೋಮಕುಂಡಿಕಾ ಗ್ರಾಮವನ್ನು ಅನುಭವಿಸುತ್ತಿದ್ದನೆಂದೂ, ಅರಸನು ಆ ಹಲಗೆಯನ್ನು ಮುರಿಸಿ ಗ್ರಾಮವನ್ನು ಅನ್ಯರಿಗೆ ಕೊಟ್ಟನೆಂದೂ ಹೇಳಿದೆ.

ರಾಜ್ಯತಂತ್ರಜ್ಞರು ಇದನ್ನು ಮೊದಲೇ ಬಲ್ಲವರಾಗಿದ್ದರು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ತಾಳೆಯೋಲೆಯಿಂದ ಶೋಧಿಸಿ ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯುಂಟು. ಒಂದು ಮಾಷಕವನ್ನು ಕೊಟ್ಟು ಅವನಿಂದ ಮುದ್ರೆಯನ್ನು ಪಡೆದವನು ಮಾತ್ರ ಜನಪದವನ್ನು ಪ್ರವೇಶಿಸಬಹುದು ಅಥವಾ ಬಿಟ್ಟು ಹೊರಡಬಹುದು; ಮುದ್ರೆಯಿಲ್ಲದೆ ಸಿಕ್ಕಿದ ನಾಡವನಿಗೆ ಹನ್ನೆರಡು ಪಣ ದಂಡ. ಲೆಕ್ಕದ ಕಚೇರಿಯಾದ ಅಕ್ಷಪಟಲದ ನಿಯಮವು ಇನ್ನೂ ಸೂಕ್ಷ್ಮವಾದುದು. ಆಷಾಢದಲ್ಲಿ ಕರಣಿಕರು ತಮ್ಮ ಪುಸ್ತಕಗಳನ್ನು ಮುದ್ರೆಯೊತ್ತಿಯೇ ತರಬೇಕು. ಬಂದವರು ತಮ್ಮತಮ್ಮೊಳಗೆ ಮಾತನಾಡದಂತೆ ನೋಡಿಕೊಳ್ಳಬೇಕು. ಲೆಕ್ಕವನ್ನು ಕ್ರಮತಪ್ಪಿ ಬರೆದವನಿಗೂ, ಬರೆದುದನ್ನೇ ಮತ್ತೆ ಬರೆದವನಿಗೂ ಹನ್ನೆರಡು ಪಣ ದಂಡ. ಹೊರಗಿನ ಕಳ್ಳನಿಗಿಂತ ಒಳಗಿನ ಬರೆಹಗಾರನ ಮೇಲೆಯೇ ಚಾಣಕ್ಯನ ಕಣ್ಣು ಹೆಚ್ಚಾಗಿದ್ದಿತೆಂಬುದು ಇದರಿಂದ ವ್ಯಕ್ತವಾಗುವುದು.

ಆದರೆ ಮುದ್ರೆಗೊಂದು ದೋಷವುಂಟು. ಅದು ಯಾರ ಕೈಯಲ್ಲಿದ್ದರೂ ಒಂದೇ ರೀತಿ ಒತ್ತುವುದು. ಕೆಂಪುನಾರಾಯಣನು ೧೮೨೩ರಲ್ಲಿ ಮುದ್ರಾಮಂಜೂಷದ ರೂಪದಲ್ಲಿ ಕನ್ನಡಕ್ಕೆ ತಂದ ಕಥೆಯ ಮೂಲವೆನಿಸಿದ ವಿಶಾಖದತ್ತನ ನಾಟಕದ ಹೆಸರೇ ಮುದ್ರಾರಾಕ್ಷಸ. ಅಮಾತ್ಯ ರಾಕ್ಷಸನು ತನ್ನ ಮುದ್ರೆಯುಂಗುರವನ್ನು ಹೆಂಡತಿಯ ಬಳಿ ಬಿಟ್ಟು ಹೋಗಿರಲು, ಅದು ಜಾರಿಬಿದ್ದು ಚಾಣಕ್ಯನ ಚಾರನ ಕೈಗೆ ಸೇರುವುದು. ಚಾಣಕ್ಯನು ಒಂದು ಪತ್ರವನ್ನು ಬರೆಯಿಸಿ, ಆ ಉಂಗುರದಿಂದಲೇ ಮುದ್ರೆಯೊತ್ತಿಸುವನು. ಪತ್ರವು ರಾಕ್ಷಸನದಲ್ಲ, ಮುದ್ರೆಯು ಮಾತ್ರ ಅವನದೇ. ಅಷ್ಟರಿಂದಲೇ ಅವನ ಸ್ವಾಮಿಯು ಅವನನ್ನು ದ್ರೋಹಿಯೆಂದು ನಂಬುವನು. ಇಂದು ಒಬ್ಬರ ಗುಪ್ತಪದವನ್ನು ಕದ್ದು ಅವರ ಹೆಸರಿನಲ್ಲಿ ವ್ಯವಹರಿಸುವುದೂ ಇದೇ ಕಥೆಯೇ ಅಲ್ಲವೆ?

ಪ್ರಕೃತ ನಮ್ಮ ಸೀಮೆಗೆ ಮರಳೋಣ. ನಿಜಾಮರ ಸಂಸ್ಥಾನದಲ್ಲಿ ಕಚೇರಿಯ ಭಾಷೆಯು ಮೊದಲು ಪಾರಸಿಯೂ ೧೮೮೦ರ ದಶಕದಿಂದ ಉರ್ದುವೂ ಆಗಿದ್ದಿತು. ಹೊಲದ ಲೆಕ್ಕವು ವಂಶಪಾರಂಪರ್ಯದ ಪಟವಾರಿಯ ಮನೆಯಲ್ಲಿರುತ್ತಿದ್ದಿತು. ಕನ್ನಡವನ್ನು ಮಾತ್ರ ಬಲ್ಲ, ಅದನ್ನೂ ಓದಲಾರದ ರೈತನಿಗೆ ತನ್ನ ಹೊಲದ ಬಗ್ಗೆ ಏನು ಬರೆದಿದೆಯೆಂಬುದು ಪರಬ್ರಹ್ಮವಸ್ತುವಿನಂತೆ ಅಗೋಚರ. ಪಟವಾರಿಗಳಲ್ಲಿ ಧರ್ಮಿಷ್ಠರು ಇರಲಿಲ್ಲವೆಂದಲ್ಲ. ಆದರೆ ಧರ್ಮಿಷ್ಠನಿಗೂ ಅಧರ್ಮಿಗೂ ಒಂದೇ ಲೇಖನಿಯು, ಒಂದೇ ದಫ್ತರವು. ತಿದ್ದಿದವರು ಯಾರೆಂದು ಹೇಳುವ ಮುದ್ರೆಯು ಅಲ್ಲಿರಲಿಲ್ಲ. ೧೯೫೬ರ ನವೆಂಬರ್ ೧ರಂದು ನಮ್ಮ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು, ೧೯೬೧ರ ಕಾಯಿದೆಯಿಂದ ಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದುವು, ಗ್ರಾಮಲೆಕ್ಕಿಗರು ಬಂದರು. ವ್ಯಕ್ತಿಯು ಬದಲಾದನು, ದಫ್ತರವು ಮಾತ್ರ ಕಂಕುಳಲ್ಲಿಯೇ ಉಳಿಯಿತು.

ಈ ವ್ಯವಹಾರದಲ್ಲಿ ರೈತನ ಪಾಲಿಗೆ ಬಂದುದು ಹೆಬ್ಬೆಟ್ಟು. ೧೮೫೮ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿಯು, ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನು ಮುಂದೆ ಕರಾರನ್ನು ಅಲ್ಲಗಳೆಯದಿರಲೆಂದು, ಅವನ ಅಂಗೈಗೆ ಮಸಿ ಹಚ್ಚಿ ಪತ್ರದ ಮೇಲೆ ಒತ್ತಿಸಿದನು. ೧೮೯೭ರಲ್ಲಿ ಕಲಕತ್ತೆಯಲ್ಲಿ ಬೆರಳ ಗುರುತುಗಳ ಕಚೇರಿಯು ಸ್ಥಾಪಿತವಾಯಿತು. ಅವುಗಳ ವರ್ಗೀಕರಣಕ್ಕೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಭಾರತೀಯರೇ ಶ್ರಮಿಸಿದರು. ಹಳ್ಳಿಯಲ್ಲಿ ಈ ವಿದ್ಯೆಯು ಪಡೆದ ರೂಪವನ್ನು ಹಿರಿಯರೆಲ್ಲರೂ ಬಲ್ಲರು: ಸಾಹುಕಾರನು ಬರೆದನು, ರೈತನು ಓದಲಾರದೆ ಹೆಬ್ಬೆಟ್ಟನ್ನು ಒತ್ತಿದನು. ಬರೆದವನಿಗೆ ಯಾವ ಬಂಧನವೂ ಇಲ್ಲ, ಬಂಧನವೆಲ್ಲ ಒತ್ತಿದವನಿಗೆ.

ಇನ್ನು ಯಂತ್ರದ ವಿಚಾರ. ೧೯೬೧ರಲ್ಲಿ ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ನೇತೃತ್ವದಲ್ಲಿ, ಒಂದೇ ಗಣಕಯಂತ್ರವನ್ನು ಅನೇಕರು ಏಕಕಾಲದಲ್ಲಿ ಬಳಸುವ ವ್ಯವಸ್ಥೆಯು ಸಿದ್ಧವಾಯಿತು. ಒಬ್ಬರ ಕಡತವನ್ನು ಮತ್ತೊಬ್ಬರು ನೋಡಬಾರದೆಂದು ಪ್ರತಿಯೊಬ್ಬರಿಗೂ ಒಂದೊಂದು ಗುಪ್ತಪದ, ಅಂದರೆ ಪಾಸ್‌ವರ್ಡ್, ಕೊಡಲ್ಪಟ್ಟಿತು. ಮರುವರ್ಷವೇ ಆಲನ್ ಶೆರ್ ಎಂಬ ವಿದ್ಯಾರ್ಥಿಯು, ತನಗೆ ಗೊತ್ತುಮಾಡಿದ ಸಮಯವು ಸಾಲದೆ, ಎಲ್ಲರ ಗುಪ್ತಪದಗಳ ಪಟ್ಟಿಯನ್ನೇ ಅಚ್ಚುಹಾಕಿಸಿಕೊಂಡು ಬೇರೆಯವರ ಹೆಸರಿನಲ್ಲಿ ಕೆಲಸಮಾಡಿದನು. ಬೀಗವೂ ಕಳ್ಳಕೀಲಿಯೂ ಹೀಗೆ ಅವಳಿಗಳಂತೆ ಹುಟ್ಟಿದುವು. ಪದವನ್ನು ಇದ್ದಂತೆಯೇ ಇಡುವ ಬದಲು ಅದನ್ನು ಗಣಿತದಿಂದ ಅರೆದು ಇಡುವ ಉಪಾಯವು ಆಮೇಲೆ ಬಂದಿತು. ಜೋಳವು ಹಿಟ್ಟಾಗುವುದು, ಹಿಟ್ಟು ಮತ್ತೆ ಜೋಳವಾಗದು.

ಮೇಜಿನ ಮೇಲಿಡುವ ಗಣಕಯಂತ್ರವು ೧೯೮೧ರಲ್ಲಿ ಐಬಿಎಂ ಸಂಸ್ಥೆಯಿಂದ ಹೊರಬಂದಾಗ ಅದಕ್ಕೆ ಬಾಗಿಲೇ ಇರಲಿಲ್ಲವೆನ್ನಬಹುದು, ಗುಂಡಿಯೊತ್ತಿದವನೇ ಒಡೆಯನು. ೧೯೯೩ರ ವಿಂಡೋಸ್ ಎನ್‌ಟಿಯಲ್ಲಿ ಪ್ರತಿಯೊಂದು ಕಡತಕ್ಕೂ ಓದತಕ್ಕವರು ಯಾರು, ತಿದ್ದತಕ್ಕವರು ಯಾರು ಎಂಬ ಪಟ್ಟಿಯು ಬಂದಿತು. ೨೦೦೭ರ ವಿಂಡೋಸ್ ವಿಸ್ಟಾದಲ್ಲಿ ದೊಡ್ಡ ಬದಲಾವಣೆಗೆ ಮೊದಲು ಒಡೆಯನನ್ನೂ ಮತ್ತೊಮ್ಮೆ ಕೇಳುವ ಪದ್ಧತಿಯೂ, ಯಂತ್ರವು ಕಳುವಾದರೂ ಒಳಗಿನದನ್ನು ಓದಲಾಗದಂತೆ ಗೂಢಲಿಪಿಯಲ್ಲಿಡುವ ಸೌಕರ್ಯವೂ ದೊರೆತುವು. ಆದರೆ ಈ ಬಾಗಿಲುಗಳೆಲ್ಲ ಮನುಷ್ಯನ ಅಭ್ಯಾಸದ ಮುಂದೆ ನಿಲ್ಲುವುದು ಕಷ್ಟ. ನಾನು ಸೇವೆಯಲ್ಲಿದ್ದ ಒಂದು ಶಾಲೆಯಲ್ಲಿ, ಯಾರೂ ಮರೆಯದಿರಲೆಂದು, ಗುಪ್ತಪದವನ್ನು ಚೀಟಿಯಲ್ಲಿ ಬರೆದು ಯಂತ್ರದ ಮುಖಕ್ಕೇ ಅಂಟಿಸಿದ್ದರು. ನಾನೂ ಅದನ್ನೇ ನೋಡಿ ಬಳಸಿದವನು. ಒಮ್ಮೆ ಅಂಕಗಳ ಪಟ್ಟಿಯಲ್ಲಿ ಒಂದು ಸಂಖ್ಯೆಯು ಬದಲಾಗಿರಲು, ತಿದ್ದಿದವರು ಯಾರೆಂದು ಹೇಳಲು ಯಂತ್ರಕ್ಕೂ ಆಗಲಿಲ್ಲ, ನಮಗೂ ಆಗಲಿಲ್ಲ. ರಾಕ್ಷಸನ ಉಂಗುರವು ಅಂದು ನನಗೆ ನೆನಪಾಯಿತು.

ಇದೇ ಕಾರಣದಿಂದ ನಮ್ಮ ರಾಜ್ಯದ ಭೂಮಿ ಯೋಜನೆಯು ಈ ಚರಿತ್ರೆಯಲ್ಲಿ ಗಣನೀಯವಾದುದು. ಭೂದಾಖಲೆಗಳನ್ನು ಯಂತ್ರಕ್ಕೆ ಏರಿಸುವ ಕರ್ನಾಟಕದ ಮೊದಲ ಪ್ರಯೋಗವು ೧೯೯೧ರಲ್ಲಿ ನಮ್ಮ ಗುಲ್ಬರ್ಗಾ ಜಿಲ್ಲೆಯಲ್ಲಿಯೇ ನಡೆಯಿತೆಂಬುದು ಇಲ್ಲಿನವರು ನೆನೆಯತಕ್ಕ ವಿಷಯ. ಆದರೆ ದಾಖಲೆಯನ್ನು ನಿತ್ಯವೂ ತಿದ್ದುವ ತಾಲೂಕು ಕಚೇರಿಗಳಲ್ಲಿ ಆಗ ಯಂತ್ರಗಳನ್ನಿಡಲಿಲ್ಲವಾದುದರಿಂದ ಅದು ಫಲಿಸಲಿಲ್ಲ. ಬಳಿಕ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ೨೦೦೨ರ ಹೊತ್ತಿಗೆ ಭೂಮಿ ಯೋಜನೆಯು ರಾಜ್ಯದ ಎಲ್ಲ ತಾಲೂಕುಗಳನ್ನೂ ಮುಟ್ಟಿತು. ಸುಮಾರು ೯,೦೦೦ ಗ್ರಾಮಲೆಕ್ಕಿಗರ ಕೈಯಲ್ಲಿದ್ದ, ೬೭ ಲಕ್ಷ ಭೂಮಾಲಿಕರ ಸುಮಾರು ೨ ಕೋಟಿ ಪಹಣಿಗಳು ಯಂತ್ರವನ್ನು ಸೇರಿದುವು. ೧೫ ರೂಪಾಯಿ ಕೊಟ್ಟವರಿಗೆಲ್ಲ ಪಹಣಿಯು ದೊರೆಯತೊಡಗಿತು. ಅರ್ಜಿಗಳನ್ನು ಬಂದ ಕ್ರಮದಲ್ಲಿಯೇ ತೀರಿಸಬೇಕೆಂಬ ನಿಯಮವಾಯಿತು. ಎದುರಿಗೆ ನಿಂತ ರೈತನಿಗೂ ಕಾಣುವಂತೆ ಎರಡನೆಯ ಪರದೆಯನ್ನಿಟ್ಟರು.

ಎಲ್ಲಕ್ಕಿಂತ ಮುಖ್ಯವಾದುದು ಬಾಗಿಲಿನ ಕೀಲಿ. ದಾಖಲೆಯನ್ನು ತಿದ್ದುವ ಅಧಿಕಾರಿಯು ಗುಪ್ತಪದದಿಂದಲ್ಲ, ತನ್ನ ಬೆರಳ ಗುರುತಿನಿಂದ ಯಂತ್ರವನ್ನು ಪ್ರವೇಶಿಸಬೇಕೆಂದು ಏರ್ಪಡಿಸಿದರು. ಯಾರು ಏನು ಮಾಡಿದರೆಂಬುದು ಯಂತ್ರದಲ್ಲಿಯೇ ಬರೆದಿಡಲ್ಪಡುವಂತಾಯಿತು. ಗುಪ್ತಪದವಾದರೆ ಬೇರಾರೋ ಕದ್ದರೆಂದು ಹೇಳಬಹುದು. ಬೆರಳನ್ನು ಕೊಟ್ಟು ಮರೆತೆನೆಂದು ಹೇಳುವುದು ಹೇಗೆ? ನೂರು ವರ್ಷಗಳಿಗೂ ಹೆಚ್ಚು ಕಾಲ ಓದಲಾರದವನ ಹೆಬ್ಬೆಟ್ಟು ಬರೆಯಬಲ್ಲವನ ಪತ್ರದ ಮೇಲೆ ಬೀಳುತ್ತಿದ್ದಿತು. ಈಗ ಬರೆಯಬಲ್ಲವನ ಬೆರಳೇ, ಓದಲಾರದವನ ಹೊಲಕ್ಕಾಗಿ, ಸಾಕ್ಷಿಯ ಕಲ್ಲಿನ ಮೇಲೆ ಬಿದ್ದಿತು. ಈ ವಿಪರ್ಯಯವನ್ನು ನಾನು ಸಾಮಾನ್ಯವೆಂದು ಭಾವಿಸಲಾರೆ.

ಹಾಗೆಂದು ಎಲ್ಲವೂ ಸರಿಹೋಯಿತೆನ್ನಲಾಗದು. ಮುದ್ರೆಯು ಬರೆಹವನ್ನು ಕಾಯುವುದು, ಸತ್ಯವನ್ನಲ್ಲ. ಹಳೆಯ ದಫ್ತರದ ತಪ್ಪು ಯಂತ್ರಕ್ಕೆ ಏರಿದರೆ ಆ ತಪ್ಪಿಗೂ ಅಷ್ಟೇ ಭದ್ರವಾದ ಕಾವಲು ದೊರೆಯುವುದು. ಇದಲ್ಲದೆ, ಗುಪ್ತಪದವು ಬಯಲಾದರೆ ಬದಲಾಯಿಸಬಹುದು; ಬೆರಳನ್ನು ಬದಲಾಯಿಸಲಾಗದು. ಅಧಿಕಾರಿಯಿಂದ ಕೇಳಿದ ಬೆರಳನ್ನು ಮುಂದೆ ಆಧಾರ್ ಮೂಲಕ ಬಡವನಿಂದಲೂ ಕೇಳಲಾರಂಭಿಸಿದಾಗ ಮತ್ತೊಂದು ಕಷ್ಟವು ಕಾಣಿಸಿತು. ಕಲ್ಲುಗಣಿಯಲ್ಲಿಯೂ ಹೊಲದಲ್ಲಿಯೂ ದುಡಿದ ಕೈಯ ರೇಖೆಗಳು ಸವೆಯುವುವು. ಶಹಾಬಾದದ ಕಲ್ಲನ್ನು ಒಡೆಯುವವನಿಗೆ ಇದನ್ನು ವಿವರಿಸಬೇಕಾದುದಿಲ್ಲ. ನ್ಯಾಯಬೆಲೆ ಅಂಗಡಿಯ ಯಂತ್ರವು ಅಂಥವನ ಬೆರಳನ್ನು ಗುರುತಿಸದಿದ್ದರೆ ಅದು ಬೆರಳಿನ ಅಪರಾಧವೆ? ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೭ರ ಆಗಸ್ಟ್ ೨೪ರಂದು ಖಾಸಗಿತನವು ಮೂಲಭೂತ ಹಕ್ಕೆಂದು ನಿರ್ಣಯಿಸಿತು. ಮರುವರ್ಷ ಆಧಾರ್ ಕಾಯಿದೆಯನ್ನು ಕೆಲವು ಮಿತಿಗಳೊಡನೆ ಎತ್ತಿಹಿಡಿಯಿತು.

ಇತ್ತೀಚಿನ ಏರ್ಪಾಡುಗಳು ಈ ತೊಡಕನ್ನು ಬಿಡಿಸಲು ಯತ್ನಿಸುತ್ತಿವೆ. ೨೦೨೧ರ ವಿಂಡೋಸ್ ೧೧ ತನ್ನ ಯಂತ್ರದೊಳಗೆ ರಹಸ್ಯಗಳನ್ನಿಡಲು ಒಂದು ಪ್ರತ್ಯೇಕ ಕೋಶವಿರಬೇಕೆಂದು ವಿಧಿಸಿತು. ಪಾಸ್‌ಕೀ ಎಂಬ ಹೊಸ ಪದ್ಧತಿಯಲ್ಲಿ ಕೀಲಿಯ ಒಂದು ಭಾಗವು ನಮ್ಮ ಬಳಿಯಲ್ಲಿಯೂ ಮತ್ತೊಂದು ಭಾಗವು ದೂರದ ಕಚೇರಿಯಲ್ಲಿಯೂ ಇರುವುದು. ಬೆರಳು ನಮ್ಮ ಪೆಟ್ಟಿಗೆಯನ್ನು ಮಾತ್ರ ತೆರೆಯುವುದು, ಅದರ ಗುರುತು ಹೊರಗೆ ಹೋಗುವುದಿಲ್ಲ. ಉಂಗುರವನ್ನು ಕಳಿಸದೆಯೇ ಉಂಗುರವಿದೆಯೆಂದು ತೋರಿಸುವ ಉಪಾಯವಿದು. ರಾಕ್ಷಸನಿಗೆ ಇದು ದೊರೆತಿದ್ದರೆ ನಾಟಕವೇ ನಡೆಯುತ್ತಿರಲಿಲ್ಲ.

ಅಸ್ತು. ತಾಮ್ರದ ಬಳೆಯಿಂದ ಹಿಡಿದು ಪಾಸ್‌ಕೀಯವರೆಗಿನ ಈ ಪ್ರಯತ್ನಗಳೆಲ್ಲವೂ, ಬರೆದವನು ತಾನು ಬರೆದುದನ್ನು ಅಲ್ಲಗಳೆಯಲಾಗದಂತಿರಬೇಕೆಂಬ ಒಂದೇ ಉದ್ದೇಶದವು. ಆದರೆ ಬಳೆಯು ಕತ್ತರಿಸಿದೆಯೆ ಎಂದು ನೋಡುವವರಿಲ್ಲದಿದ್ದರೆ ಮುದ್ರೆಯು ಇದ್ದೂ ವ್ಯರ್ಥ. ಆದುದರಿಂದ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ: ಬೇರೆಯವರಿಗೆ ಗುಪ್ತಪದವನ್ನು ಹೇಳಬೇಡಿರಿ, ಅರಿಯದ ಕಾಗದಕ್ಕೂ ಯಂತ್ರಕ್ಕೂ ಬೆರಳನ್ನು ಕೊಡಬೇಡಿರಿ, ವರ್ಷಕ್ಕೊಮ್ಮೆ, ಲೆಕ್ಕಗಳು ಅಕ್ಷಪಟಲಕ್ಕೆ ಬರುತ್ತಿದ್ದ ಆಷಾಢದಲ್ಲಿಯೇ ಆಗಲಿ, ನಿಮ್ಮ ಪಹಣಿಯನ್ನು ತರಿಸಿ ಓದಿರಿ. ಓದಬಲ್ಲ ಮನೆಯವರು ನೆರೆಯ ಓದಲಾರದವರ ಪಹಣಿಯನ್ನೂ ಒಮ್ಮೆ ಓದಿ ಹೇಳಿದರೆ, ಯಾವ ಯಂತ್ರವೂ ಮಾಡಲಾರದ ಕಾವಲು ಅದಾಗುವುದು.