‘ದಾತೀವುಸ್’ ಮತ್ತು ನಮ್ಮ ‘ಗೆ’ ಪ್ರತ್ಯಯ

ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ವ್ಯಾಕರಣದ ಮಾತೇಕೆ ಎಂದು ಓದುಗ ಮಹಾಶಯರು ಕೇಳಬಹುದು. ಎರಡನೆಯ ವ್ಯಾಟಿಕನ್ ಮಹಾಸಭೆ (1962-65) ಜರುಗುವವರೆಗೆ ನಮ್ಮ ಹಿರಿಯರು ಬಲಿಪೂಜೆಯನ್ನು ಲ್ಯಾಟಿನ್ ಭಾಷೆಯಲ್ಲಿ ಆಲಿಸಿದರು; ನಾವಾದರೋ ಕನ್ನಡದಲ್ಲಿ ಅರ್ಪಿಸುತ್ತಿದ್ದೇವೆ. ಈ ಎರಡು ಭಾಷೆಗಳನ್ನು ಹತ್ತಿರ ತರುವ ಒಂದು ಪುಟ್ಟ ವಿಭಕ್ತಿಯ ಚರಿತ್ರೆಯನ್ನು ಇಲ್ಲಿ ನಿವೇದಿಸಬಯಸುತ್ತೇನೆ.

ಗುರುಮಠದಲ್ಲಿ ಲ್ಯಾಟಿನ್ ಕಲಿಯುವಾಗ ನಮ್ಮ ಮೊದಲ ಕಷ್ಟ ವಿಭಕ್ತಿಗಳದೇ ಆಗಿತ್ತು. ಅವುಗಳಲ್ಲಿ ಒಂದರ ಹೆಸರು ‘ದಾತೀವುಸ್’. ‘ಕೊಡು’ ಎಂಬರ್ಥದ ‘ದಾರೆ’ ಧಾತುವಿನಿಂದ ಹುಟ್ಟಿದ ಪದವಿದು. ಗ್ರೀಕ್ ವೈಯಾಕರಣರು ‘ದೊತಿಕೇ’ ಎಂದು ಕರೆದುದನ್ನೇ ರೋಮನರು ತಮ್ಮ ಭಾಷೆಗೆ ತಿರುಗಿಸಿಕೊಂಡರು. ಕ್ರಿಸ್ತಪೂರ್ವ ಒಂದನೆಯ ಶತಮಾನದ ವಾರ್ರೋ ಎಂಬ ವಿದ್ವಾಂಸನು ಇದನ್ನು ‘ಕೊಡುವ ವಿಭಕ್ತಿ’ ಎಂದನು. ನಾಲ್ಕನೆಯ ಶತಮಾನದಲ್ಲಿ ರೋಮಿನಲ್ಲಿ ಪಾಠ ಹೇಳಿದ ದೊನಾತುಸನ ವ್ಯಾಕರಣವು ಮಧ್ಯಯುಗದ ಶಾಲೆಗಳಲ್ಲೆಲ್ಲ ನಡೆಯಿತು. ಬೈಬಲನ್ನು ಲ್ಯಾಟಿನ್ನಿಗೆ ಭಾಷಾಂತರಿಸಿದ ಸಂತ ಜೆರೋಮರು ಇದೇ ದೊನಾತುಸನ ಶಿಷ್ಯರೆಂಬುದು ನಾವು ನೆನೆಯತಕ್ಕ ಸಂಗತಿ. ಹೀಗೆ ಬೆಳೆದ ಹೆಸರು ಫ್ರೆಂಚರಲ್ಲಿ ‘ದಾತಿಫ್’, ಇಟಲಿಯವರಲ್ಲಿ ‘ದಾತೀವೊ’, ಜರ್ಮನರಲ್ಲಿ ‘ದಾತಿಫ್’, ಆಂಗ್ಲರಲ್ಲಿ ‘ಡೇಟಿವ್’ ಎಂದಾಯಿತು. ಫ್ರೆಂಚ್, ಇಟಾಲಿಯನ್ ಭಾಷೆಗಳ ನಾಮಪದಗಳಲ್ಲಿ ಆ ವಿಭಕ್ತಿರೂಪವೇ ಅಳಿದುಹೋದರೂ ಹೆಸರು ಮಾತ್ರ ಶಾಲೆಯ ಪುಸ್ತಕಗಳಲ್ಲಿ ಉಳಿಯಿತು.

ನಮ್ಮ ದೇಶದ ಕಥೆಯೂ ಇದಕ್ಕೆ ಸಮೀಪದ್ದೇ. ಪಾಣಿನಿಯು ಚತುರ್ಥೀ ವಿಭಕ್ತಿಯ ಕಾರಕಕ್ಕೆ ‘ಸಂಪ್ರದಾನ’ವೆಂದು ಹೆಸರಿಟ್ಟನು. ಅದರಲ್ಲಿಯೂ ‘ದಾನ’ವಿದೆ. ಅಬ್ಬೆತುಮಕೂರಿಗೆ ಬಹಳ ದೂರವಲ್ಲದ ಮಳಖೇಡದ ರಾಷ್ಟ್ರಕೂಟ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ‘ಕವಿರಾಜಮಾರ್ಗ’ವು ಕನ್ನಡ ನುಡಿಯ ಗುಣದೋಷಗಳನ್ನು ವಿವೇಚಿಸಿತು. 13ನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಏಳು ವಿಭಕ್ತಿಗಳಿಗೆ ಪ್ರತ್ಯಯಗಳನ್ನು ಹೇಳುತ್ತ, ಚತುರ್ಥಿಗೆ ‘ಗೆ’ ಎಂದು ವಿಧಿಸಿದನು.

ಈ ಎರಡು ಸಂಪ್ರದಾಯಗಳು ಸಂಧಿಸಿದ್ದು ಮಿಷನರಿಗಳ ಕಾಲದಲ್ಲಿ. 17ನೆಯ ಶತಮಾನದ ನಡುವೆ ಮೈಸೂರು ಮಿಷನ್ ಸ್ಥಾಪಿಸಿದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು, ಅದಕ್ಕೊಂದು ವ್ಯಾಕರಣವನ್ನು ಬರೆದರು. ಅನಂತರ ಪ್ರೊಟೆಸ್ಟಂಟ್ ಸೋದರರಾದ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು 1817ರಲ್ಲಿ ಸೆರಾಂಪುರದಿಂದ ಹೊರಬಂದಿತು. ಜರ್ಮನಿಯ ಫರ್ಡಿನಂಡ್ ಕಿಟೆಲ್ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು, 1894ರಲ್ಲಿ ಮಹಾ ನಿಘಂಟನ್ನು, 1903ರಲ್ಲಿ ವ್ಯಾಕರಣವನ್ನು ನೀಡಿದರು. ಹೀಗೆ ಕೇಶಿರಾಜನ ಚತುರ್ಥಿಯ ಪಕ್ಕದಲ್ಲಿ ರೋಮನರ ಹೆಸರು ಬಂದು ಕುಳಿತಿತು.

ಆದರೆ ಕನ್ನಡದ ‘ಗೆ’ ಕೊಡುವ ಕೆಲಸವನ್ನಷ್ಟೇ ಮಾಡುವುದಿಲ್ಲ. ‘ಬಡವನಿಗೆ ಅನ್ನವನ್ನು ಕೊಟ್ಟನು’ ಎಂಬಲ್ಲಿ ದಾನವಿದೆ, ಸರಿ. ‘ನನಗೆ ಹಸಿವಾಗಿದೆ’, ‘ನನಗೆ ಗೊತ್ತು’, ‘ನನಗೆ ಇಬ್ಬರು ಮಕ್ಕಳಿದ್ದಾರೆ’ ಎಂಬಲ್ಲಿ ಕೊಟ್ಟವರು ಯಾರು? ಯಾದಗಿರಿಯ ಸಂತೆಯಲ್ಲಿ ಕನ್ನಡಿಗನು ‘ನನಗ ಹಸಿವ್ಯಾಗ್ಯಾದ’ ಎಂದರೆ, ತೆಲುಗಿನವನು ‘ನಾಕು ಆಕಲಿ’ ಎನ್ನುತ್ತಾನೆ, ಉರ್ದುವಿನವನು ‘ಮುಝೇ ಭೂಖ್’ ಎನ್ನುತ್ತಾನೆ. ಮೂವರಿಗೂ ಹಸಿವೆ ತಾವು ಮಾಡುವ ಕ್ರಿಯೆಯಲ್ಲ, ತಮಗೆ ಬಂದೊದಗುವಂಥದು. ಇಂಗ್ಲಿಷಿನವನು ಮಾತ್ರ ಇಲ್ಲೆಲ್ಲ ‘ನಾನು’ ಎಂದೇ ಆರಂಭಿಸುತ್ತಾನೆ.

ಲ್ಯಾಟಿನ್ ಇಲ್ಲಿ ಇಂಗ್ಲಿಷಿಗಿಂತ ನಮಗೇ ಹತ್ತಿರ. ಹಸಿವೆಯ ವಿಷಯದಲ್ಲಿ ಅದು ಬೇರೆ ದಾರಿ ಹಿಡಿದರೂ, ‘ನನಗೊಂದು ಪುಸ್ತಕವಿದೆ’ ಎಂಬುದಕ್ಕೆ ‘ಮಿಹಿ ಎಸ್ತ್ ಲೀಬೆರ್’ ಎನ್ನುತ್ತದೆ. ‘ಮಿಹಿ’ ಎಂದರೆ ‘ನನಗೆ’. ‘ಮಿಹಿ ಪ್ಲಾಚೆತ್’ ಎಂದರೆ ‘ನನಗೆ ಹಿಡಿಸುತ್ತದೆ’. ಕಿಟೆಲರ ಮನೆಮಾತಿನಲ್ಲಿಯೂ ಚಳಿಯಾದಾಗ ‘ನನಗೆ ಚಳಿ’ ಎಂದೇ ಹೇಳುವರು. ಹಳೆಯ ಇಂಗ್ಲಿಷಿನಲ್ಲಿಯೂ ‘ನನಗೆ ತೋರುತ್ತದೆ’ ಎಂಬ ರೂಪವಿದ್ದು, ಕಾಲಕ್ರಮದಲ್ಲಿ ಬಳಕೆ ತಪ್ಪಿತು.

ಇದು ಪಂಡಿತರ ವಿನೋದವೆಂದು ನಾನೂ ಭಾವಿಸಿದ್ದೆ. ಗುರುದೀಕ್ಷೆಯಾದ ಹೊಸದರಲ್ಲಿ ಇಂಗ್ಲಿಷ್ ಪುಸ್ತಕಗಳನ್ನು ನೋಡಿ ಪ್ರಬೋಧನೆ ಸಿದ್ಧಪಡಿಸುತ್ತಿದ್ದೆ. ಒಂದು ಭಾನುವಾರ ‘ನಾವು ದೇವರಲ್ಲಿ ನಂಬಿಕೆಯನ್ನು ಹೊಂದಿದ್ದೇವೆ’ ಎಂದು ಹಲವು ಸಲ ಒತ್ತಿ ಹೇಳಿದೆ. ಪೂಜೆಯ ಬಳಿಕ ಓದುಬರಹವಿಲ್ಲದ ಒಬ್ಬ ವೃದ್ಧೆ ಬಂದು, ‘ಸ್ವಾಮೀ, ಹೊಂದೋದು ಅಂದ್ರ ಏನ್ರಿ? ನಮಗ ದೇವರ ಮ್ಯಾಲ ನಂಬಿಕಿ ಅದ ಅನ್ರಿ, ತಿಳೀತದ’ ಎಂದಳು. ಆಗ ನನಗೆ ನಾಚಿಕೆಯಾಯಿತು. ವರ್ಷಗಟ್ಟಲೆ ‘ಮಿಹಿ ಎಸ್ತ್’ ಎಂದು ಉರುಹೊಡೆದವನಿಗೆ ಹೊಳೆಯದ ಮಾತನ್ನು ಆ ತಾಯಿ ಎತ್ತಿ ತೋರಿಸಿದ್ದಳು. ‘ಹೊಂದಿದ್ದೇವೆ’ ಎನ್ನುವಾಗ ನಂಬಿಕೆ ನಮ್ಮ ಸ್ವತ್ತಾಗುತ್ತದೆ. ‘ನಮಗಿದೆ’ ಎನ್ನುವಾಗ ಅದು ನಮಗೆ ಬಂದ ವರವಾಗಿ ಉಳಿಯುತ್ತದೆ. ವಿಶ್ವಾಸವು ದೇವರ ಕೊಡುಗೆಯೆಂದು ಧರ್ಮಸಭೆ ಬೋಧಿಸುವುದನ್ನು ಆಕೆಯ ವ್ಯಾಕರಣ ಮೊದಲೇ ಬಲ್ಲದು.

ಇಂದು ನಮ್ಮ ಪ್ರಾರ್ಥನಾ ಪತ್ರಿಕೆಗಳಲ್ಲಿಯೂ ಪ್ರಕಟಣೆಗಳಲ್ಲಿಯೂ ‘ಹೊಂದಿರುತ್ತೇವೆ’ ಎಂಬ ಮಾತು ದಿನೇ ದಿನೇ ಹೆಚ್ಚುತ್ತಿದೆ. ಭಾಷಾಂತರ ಮಾಡುವ ತರುಣರಲ್ಲಿ ನನ್ನದೊಂದು ಬಿನ್ನಹ: ಇಂಗ್ಲಿಷ್ ವಾಕ್ಯವನ್ನು ಕನ್ನಡಿಸುವ ಮುನ್ನ ಅದನ್ನು ಮನೆಯ ಹಿರಿಯರು ಹೇಗೆ ಹೇಳುವರೆಂದು ಕೇಳಿನೋಡಿರಿ. ನೂರು ವರ್ಷಗಳ ಹಿಂದಿನವರಿಂದ ನಮಗೆ ಬಂದ ಆಸ್ತಿಯಲ್ಲಿ ಈ ‘ಗೆ’ ಕೂಡ ಸೇರಿದೆ. ಅದನ್ನು ಮುಂದಿನವರಿಗೆ ಕೊಟ್ಟುಹೋಗುವ ಹೊಣೆ ನಮಗಿದೆ.