ಸಹಿ ಮಾಡಿದವರನ್ನ ಕೇಳಂಗಿಲ್ಲ, ಸಹಿಯನ್ನ ಕೇಳಬಹುದು

ಇಯರ್‌ಫೋನ್ ಹಾಕ್ಕೊಂಡು ಹಾನಗಲ್ ಬಸ್ ಸ್ಟ್ಯಾಂಡಲ್ಲಿ ನಿಂತೋರಿಗೂ, ಬೆಂಗಳೂರು ಮೆಟ್ರೋದಲ್ಲಿ ನೇತಾಡ್ತಿರೋರಿಗೂ ಸ್ವಾಗತ.

ಈ ಸಂಚಿಕೆ ಹುಟ್ಟಿದ್ದು ಹಿರೇಕೆರೂರಿನ ಒಂದು ಚಹಾದಂಗಡಿಯಲ್ಲಿ. ನನ್ನ ಚಿಕ್ಕಪ್ಪನ ಮಗ ಕಾಂಪಿಟೇಟಿವ್ ಪರೀಕ್ಷೆಗೆ ಓದ್ತಾ ಇದ್ದಾನೆ. ಅವನು ಕೇಳಿದ: "ಅಣ್ಣಾ, ರಾಷ್ಟ್ರಪತಿ ಯಾರನ್ನರ ಹೊಡದ್ರ ಪೊಲೀಸ್ರು ಏನು ಮಾಡ್ತಾರ?" ನಾನು ನಕ್ಕೆ. ಅವನು ನಗಲಿಲ್ಲ. "ಪುಸ್ತಕದಾಗ 361ನೇ ವಿಧಿ ಐತಿ, ಏನೂ ಮಾಡಂಗಿಲ್ಲ ಅಂತೈತಿ. ಹಂಗಾರ ರಾಜಗೂ ಇವ್ರಿಗೂ ಏನು ಫರಕ್?" ಅಂದ. ನಾನು ಬಿ.ಕಾಂ. ಓದಿದವನು, ಕಾನೂನಲ್ಲ. ಆವತ್ತು ಉತ್ತರ ಗೊತ್ತಿರಲಿಲ್ಲ. ಮನೆಗೆ ಬಂದು ಓದಿದೆ. ಓದ್ತಾ ಹೋದ ಹಾಗೆ ಕಥೆ ತಿರುಗಿ ನಮ್ಮ ಕಡೆಗೇ ಬಂತು. ಅದಕ್ಕೇ ಈ ಎಪಿಸೋಡು.

ಮೊದಲು ರಾಜನ ವಿಷಯ ಮುಗಿಸಿಬಿಡೋಣ. ಸವಣೂರು ಅಂದ್ರೆ ನಿಮಗೆ ಖಾರ ನೆನಪಾಗುತ್ತೆ, ಇಲ್ಲಾಂದ್ರೆ ಆ ದೈತ್ಯ ದೊಡ್ಡಹುಣಸೆ ಮರಗಳು. ಆದರೆ 1948ರವರೆಗೆ ಸವಣೂರು ನವಾಬರ ಸಂಸ್ಥಾನ. ಹಾನಗಲ್ಲು, ಹಿರೇಕೆರೂರು ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ವು. ಬಸ್ಸಲ್ಲಿ ಸ್ವಲ್ಪ ಹೊತ್ತಿನ ದಾರಿ, ಆದರೆ ಆಳೋರೇ ಬೇರೆ. ಸಂಸ್ಥಾನಗಳು ವಿಲೀನವಾದ ಮೇಲೂ ಮಾಜಿ ಅರಸರಿಗೆ ಕೆಲವು ರಕ್ಷಣೆ ಉಳಿದಿತ್ತು. ಅವರ ಮೇಲೆ ಕೇಸು ಹಾಕೋಕೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕಿತ್ತು. 1971ರ 26ನೇ ತಿದ್ದುಪಡಿ ಬಂದು ಅರಸರ ಮಾನ್ಯತೆ, ರಾಜಧನ ಎರಡನ್ನೂ ತೆಗೀತು. ಅಂದ್ರೆ ಹುಟ್ಟಿನಿಂದ ಬಂದ ರಕ್ಷಣೆ ಹೋಯ್ತು. ಕುರ್ಚಿಯಿಂದ ಬರೋ ರಕ್ಷಣೆ ಉಳೀತು.

ಆ ರಕ್ಷಣೆಯೇ 361ನೇ ವಿಧಿ. ರಾಷ್ಟ್ರಪತಿ ಮತ್ತು ರಾಜ್ಯಪಾಲರು ತಮ್ಮ ಅಧಿಕಾರ ಚಲಾಯಿಸಿದ್ದಕ್ಕೆ ಯಾವ ಕೋರ್ಟಿಗೂ ಉತ್ತರ ಕೊಡಬೇಕಿಲ್ಲ. ಅಧಿಕಾರದಲ್ಲಿರುವಷ್ಟು ದಿನ ಅವರ ಮೇಲೆ ಯಾವ ಕ್ರಿಮಿನಲ್ ಪ್ರಕರಣವೂ ನಡೆಯಂಗಿಲ್ಲ, ಬಂಧನದ ವಾರಂಟೂ ಇಲ್ಲ. ಖಾಸಗಿ ವಿಷಯಕ್ಕೆ ಸಿವಿಲ್ ದಾವೆ ಹಾಕಬಹುದು, ಎರಡು ತಿಂಗಳು ಮುಂಚೆ ನೋಟಿಸ್ ಕೊಟ್ಟು. ರಾಷ್ಟ್ರಪತಿಯನ್ನ ಇಳಿಸೋಕೆ ಮಹಾಭಿಯೋಗ ಅಂತ ಒಂದು ದಾರಿ ಇದೆ, ಸಂಸತ್ತಿನ ಮೂರನೇ ಎರಡರಷ್ಟು ಬಹುಮತ ಬೇಕು. ಇಲ್ಲಿಯವರೆಗೆ ಒಬ್ಬರ ಮೇಲೂ ನಡೆದಿಲ್ಲ. ರಾಜ್ಯಪಾಲರಿಗೆ ಅದೂ ಇಲ್ಲ, ಕೇಂದ್ರ ಬೇಡ ಅಂದ್ರೆ ಹೋಗಬೇಕು, ಅಷ್ಟೇ. 1949ರಲ್ಲಿ ಸಂವಿಧಾನ ಸಭೆಯಲ್ಲಿ ಈ ವಿಧಿ ಬಂದಾಗ ಎಚ್.ವಿ. ಕಾಮತ್ ಎದ್ದು ನಿಂತು ನನ್ನ ತಮ್ಮ ಕೇಳಿದಂಥದ್ದೇ ಅನುಮಾನ ಎತ್ತಿದ್ದರು. ಕಾಮತರು ಹುಟ್ಟಿದ್ದು ಮಂಗಳೂರಲ್ಲಿ.

ಈಗ ನಮ್ಮೂರ ಕಥೆಗೆ ಬರ್ತೀನಿ.

ಶಿಗ್ಗಾಂವಿ–ಸವಣೂರು ಸೀಮೆಯಲ್ಲಿ ಕಾರಡಗಿ ಅಂತ ಊರಿದೆ. 1924ರಲ್ಲಿ ಅಲ್ಲಿ ಹುಟ್ಟಿದವರು ಎಸ್.ಆರ್. ಬೊಮ್ಮಾಯಿ. ಮುಂದೆ ಅವರ ಮಗ ಬಸವರಾಜ ಬೊಮ್ಮಾಯಿ ಶಿಗ್ಗಾಂವಿಯಿಂದಲೇ ಗೆದ್ದು ಮುಖ್ಯಮಂತ್ರಿಯಾದರು, ಅದು ನಿಮಗೆ ಗೊತ್ತು. ಅಪ್ಪ ಮುಖ್ಯಮಂತ್ರಿಯಾಗಿದ್ದು 1988ರ ಆಗಸ್ಟ್‌ನಲ್ಲಿ, ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟ ಮೇಲೆ. ಎಂಟು ತಿಂಗಳಿಗೆ ಪಕ್ಷದೊಳಗೆ ಬಿರುಕು. 1989ರ ಏಪ್ರಿಲ್‌ನಲ್ಲಿ ಒಬ್ಬ ಶಾಸಕರು 19 ಶಾಸಕರ ಪತ್ರಗಳನ್ನ ತಗೊಂಡು ರಾಜಭವನಕ್ಕೆ ಹೋದರು: ನಾವು ಬೆಂಬಲ ವಾಪಸ್ ತಗೊಂಡಿದ್ದೀವಿ ಅಂತ. ರಾಜ್ಯಪಾಲರಾಗಿದ್ದವರು ಪಿ. ವೆಂಕಟಸುಬ್ಬಯ್ಯ. ಅವರು ರಾಷ್ಟ್ರಪತಿಗೆ ವರದಿ ಕಳಿಸಿಬಿಟ್ಟರು. ಮರುದಿನವೇ ಆ 19ರಲ್ಲಿ ಏಳು ಮಂದಿ, ನಮ್ಮಿಂದ ತಪ್ಪು ಹೇಳಿ ಸಹಿ ಹಾಕಿಸಿಕೊಂಡರು, ನಾವು ಬೊಮ್ಮಾಯಿ ಜೊತೆಗೇ ಇದ್ದೀವಿ ಅಂದರು. ಬೊಮ್ಮಾಯಿ ಕೇಳಿದ್ದು ಒಂದೇ: ಸದನ ಕರೀತೀನಿ, ಅಲ್ಲೇ ಎಣಿಸಿ. ರಾಜ್ಯಪಾಲರು ಒಪ್ಪಲಿಲ್ಲ, ಇನ್ನೊಂದು ವರದಿ ಕಳಿಸಿದರು. ಏಪ್ರಿಲ್ 21ಕ್ಕೆ ರಾಷ್ಟ್ರಪತಿ ಸಹಿ ಬಿತ್ತು. ಸರ್ಕಾರ ಹೋಯ್ತು.

ಈಗ ಯೋಚಿಸಿ. ಇದರಲ್ಲಿ ಇಬ್ಬರೂ 361ರ ಒಳಗಿರೋರು. ವರದಿ ಬರೆದವರನ್ನ ಕೋರ್ಟಿಗೆ ಕರೆಯಂಗಿಲ್ಲ, ಸಹಿ ಮಾಡಿದವರನ್ನೂ ಕರೆಯಂಗಿಲ್ಲ. ಹಾಗಾದ್ರೆ ಬೊಮ್ಮಾಯಿ ಯಾರನ್ನ ಕೇಳಬೇಕು?

ಅವರು ಹೈಕೋರ್ಟಿಗೆ ಹೋದರು, ಅರ್ಜಿ ವಜಾ ಆಯ್ತು. ಸುಪ್ರೀಂ ಕೋರ್ಟಿಗೆ ಹೋದರು. ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ಕ್ಕೆ ತೀರ್ಪು ಕೊಡ್ತು. ರಾಷ್ಟ್ರಪತಿಯ ಘೋಷಣೆಯನ್ನ ಕೋರ್ಟು ಪರಿಶೀಲಿಸಬಹುದು, ಯಾವ ಆಧಾರದ ಮೇಲೆ ಸಹಿ ಮಾಡಿದ್ರು ಅನ್ನೋದನ್ನ ಕೇಂದ್ರ ಸರ್ಕಾರ ತಂದು ತೋರಿಸಬೇಕು. ಬಹುಮತ ಎಣಿಸೋ ಜಾಗ ವಿಧಾನಸಭೆ, ರಾಜಭವನ ಅಲ್ಲ. ಕರ್ನಾಟಕದ ವಜಾ ಅಸಾಂವಿಧಾನಿಕ.

ಇಲ್ಲಿ ನನ್ನ ಬಿ.ಕಾಂ. ಉಪಯೋಗಕ್ಕೆ ಬಂತು, ಬಹುಶಃ ಮೊದಲನೇ ಸಲ. ಆಡಿಟಿಂಗ್ ಪೇಪರಲ್ಲಿ ವೌಚಿಂಗ್ ಅಂತ ಒಂದು ಅಧ್ಯಾಯ ಇರುತ್ತೆ. ಆಡಿಟರ್ ಮ್ಯಾನೇಜರ್ ಕಾಲರ್ ಹಿಡಿಯಲ್ಲ. ವೋಚರ್ ತೆಗೀತಾನೆ, ಬಿಲ್ ಎಲ್ಲಿ, ದಿನಾಂಕ ಏನು, ಸಹಿ ಯಾರದು ಅಂತ ನೋಡ್ತಾನೆ. ಬೊಮ್ಮಾಯಿ ಕೇಸಲ್ಲಿ ಆಗಿದ್ದು ಅದೇ. ಸಹಿ ಮಾಡಿದ ಮನುಷ್ಯನಿಗೆ ರಕ್ಷಣೆ ಇದೆ, ಸಹಿಗೆ ಇಲ್ಲ. 2006ರಲ್ಲಿ ಬಿಹಾರ ವಿಧಾನಸಭೆ ವಿಸರ್ಜನೆಯ ಕೇಸಲ್ಲಿ ಸುಪ್ರೀಂ ಕೋರ್ಟು ಇದನ್ನ ಇನ್ನೂ ಬಿಡಿಸಿ ಹೇಳ್ತು: ರಾಜ್ಯಪಾಲರಿಗೆ ನೋಟಿಸ್ ಕೊಡಲ್ಲ, ಆದರೆ ಅವರು ಮಾಡಿದ ಕೆಲಸ ಸರಿಯೋ ತಪ್ಪೋ ನೋಡ್ತೀವಿ.

ಕುರ್ಚಿಯ ಕೆಲಸಕ್ಕೆ ಈ ಏರ್ಪಾಡು ನನಗೆ ಒಪ್ಪಿಗೆ. ದಿನಕ್ಕೊಬ್ಬರು ರಾಷ್ಟ್ರಪತಿಯನ್ನ ಕಟಕಟೆಗೆ ಎಳೆದರೆ ದೇಶ ನಡೆಯಲ್ಲ, ನಿಜ. ಆದರೆ ನನ್ನ ತಮ್ಮ ಕೇಳಿದ್ದು ಅದಲ್ಲ. ಅವನು ಕೇಳಿದ್ದು ಹೊಡೆತದ ಬಗ್ಗೆ. ಅದಕ್ಕೆ ವೋಚರ್ ಇರಲ್ಲ.

ಅಂಥ ಕೇಸು ಬಂದಾಗ ಏನಾಗಿದೆ? ಬಾಬರಿ ಮಸೀದಿ ಪ್ರಕರಣದಲ್ಲಿ ಕಲ್ಯಾಣ್ ಸಿಂಗ್ ಹೆಸರಿತ್ತು. 2017ರಲ್ಲಿ ಸುಪ್ರೀಂ ಕೋರ್ಟು ಉಳಿದವರ ವಿಚಾರಣೆ ನಡೆಸಿ ಅಂತು, ಇವರು ಮಾತ್ರ ಆಗ ರಾಜಸ್ಥಾನದ ರಾಜ್ಯಪಾಲರು, ಇಳಿದ ಮೇಲೆ ನೋಡಿ ಅಂತು. 2019ರ ಸೆಪ್ಟೆಂಬರ್‌ನಲ್ಲಿ ಇಳಿದರು, ಅದೇ ತಿಂಗಳು ಕೋರ್ಟಿಗೆ ಬಂದರು, ಆರೋಪ ನಿಗದಿಯಾಯ್ತು. 2020ರಲ್ಲಿ ಎಲ್ಲರ ಜೊತೆ ಖುಲಾಸೆ. ಸರಿ, ಇಲ್ಲಿ ತಡವಾಯ್ತು, ಆದರೆ ಕೇಸು ನಡೀತು.

ಇನ್ನೊಂದು ಹಾಗಾಗಲಿಲ್ಲ. ಮಧ್ಯಪ್ರದೇಶದ ವ್ಯಾಪಂ ಹಗರಣದಲ್ಲಿ, ಅಂದ್ರೆ ನಮ್ಮ ನಿಮ್ಮಂಥ ಹುಡುಗರು ಬರೆಯೋ ನೇಮಕಾತಿ ಪರೀಕ್ಷೆಗಳ ಹಗರಣ, 2015ರಲ್ಲಿ ಅಲ್ಲಿನ ರಾಜ್ಯಪಾಲ ರಾಮ್ ನರೇಶ್ ಯಾದವ್ ಮೇಲೆ ಎಫ್‌ಐಆರ್ ಆಯ್ತು. ಅವರು 361 ಹಿಡ್ಕೊಂಡು ಹೈಕೋರ್ಟಿಗೆ ಹೋದರು, ಕುರ್ಚಿಯಲ್ಲಿರೋವರೆಗೆ ರಕ್ಷಣೆ ಸಿಕ್ತು. 2016ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗೀತು. ನವೆಂಬರ್‌ನಲ್ಲಿ ತೀರಿಕೊಂಡರು. ಅವರು ತಪ್ಪು ಮಾಡಿದ್ರಾ, ಇಲ್ವಾ? ಯಾವ ಕೋರ್ಟೂ ಹೇಳಲಿಲ್ಲ. ಪರೀಕ್ಷೆ ಬರೆದವರಿಗೂ ಅನ್ಯಾಯ, ನಿರಪರಾಧಿ ಆಗಿದ್ದಿದ್ದರೆ ಅವರಿಗೂ ಅನ್ಯಾಯವೇ.

ಇದನ್ನ ಓದಿದ ಮೇಲೆ ನನಗೆ ಅನಿಸಿದ್ದು: ವಿಚಾರಣೆ ಕಾಯಬಹುದು, ತನಿಖೆ ಕಾಯಬಾರದು. ಎರಡನ್ನೂ ಒಂದೇ ಗಂಟಿಗೆ ಕಟ್ಟಿಬಿಟ್ಟಿದ್ದೀವಿ. ಸಿಸಿಟಿವಿ ದೃಶ್ಯ ಐದು ವರ್ಷ ಕಾಯಲ್ಲ, ಸಾಕ್ಷಿಗಳ ನೆನಪೂ ಕಾಯಲ್ಲ. 2024ರಲ್ಲಿ ಪಶ್ಚಿಮ ಬಂಗಾಳದ ರಾಜಭವನದ ಒಬ್ಬ ಮಹಿಳಾ ಉದ್ಯೋಗಿ ರಾಜ್ಯಪಾಲರ ಮೇಲೆ ಕಿರುಕುಳದ ಆರೋಪ ಮಾಡಿದಾಗ (ರಾಜ್ಯಪಾಲರು ಅದನ್ನ ಅಲ್ಲಗಳೆದರು) ಸುಪ್ರೀಂ ಕೋರ್ಟಲ್ಲಿ ಆಕೆ ಕೇಳಿದ್ದು ಇದನ್ನೇ. ಅವಧಿ ಮುಗಿಯೋವರೆಗೆ ನಾನು ಕಾಯಬೇಕಾ? ವಿಧಿಯ ಪದಗಳಲ್ಲಿ "ತನಿಖೆ" ಅನ್ನೋದೇ ಇಲ್ಲ, "ಕ್ರಿಮಿನಲ್ ನಡವಳಿ" ಅಂತ ಇದೆ. ಪೊಲೀಸ್ ತನಿಖೆ ಅದರೊಳಗೆ ಬರುತ್ತಾ ಅನ್ನೋದೇ ಜಗಳ.

ಕುರ್ಚಿಯ ಗೌರವ ಹಾಳಾಗುತ್ತೆ ಅನ್ನೋರಿಗೆ ನಮ್ಮ ರಾಜ್ಯವನ್ನೇ ತೋರಿಸ್ತೀನಿ. ಮುಖ್ಯಮಂತ್ರಿಗೆ 361 ಇಲ್ಲ. 2011ರ ಜನವರಿಯಲ್ಲಿ ರಾಜ್ಯಪಾಲ ಭಾರದ್ವಾಜ್ ಯಡಿಯೂರಪ್ಪ ಮೇಲೆ ಮೊಕದ್ದಮೆಗೆ ಅನುಮತಿ ಕೊಟ್ಟರು. 2024ರ ಆಗಸ್ಟ್‌ನಲ್ಲಿ ರಾಜ್ಯಪಾಲ ಥಾವರಚಂದ್ ಗೆಹ್ಲೋಟ್ ಮುಡಾ ವಿಷಯದಲ್ಲಿ ಸಿದ್ದರಾಮಯ್ಯ ಮೇಲೆ ಅನುಮತಿ ಕೊಟ್ಟರು, ಸೆಪ್ಟೆಂಬರ್ 24ಕ್ಕೆ ಹೈಕೋರ್ಟು ತನಿಖೆಗೆ ಅಡ್ಡಿ ಇಲ್ಲ ಅಂತು. ನವೆಂಬರ್‌ನಲ್ಲಿ ಹಾಲಿ ಮುಖ್ಯಮಂತ್ರಿ ಮೈಸೂರಿನ ಲೋಕಾಯುಕ್ತ ಕಚೇರಿಗೆ ಹೋಗಿ ಕೂತು ಪ್ರಶ್ನೆಗಳಿಗೆ ಉತ್ತರ ಕೊಟ್ಟು ಬಂದರು. ಆವತ್ತು ಹಾವೇರಿ ಬಸ್ಸು ಓಡ್ತು, ರೇಷನ್ ಅಂಗಡಿ ತೆರೀತು. 2025ರ ಫೆಬ್ರವರಿಯಲ್ಲಿ ಲೋಕಾಯುಕ್ತ ಪೊಲೀಸರು ಸಾಕ್ಷ್ಯ ಇಲ್ಲ ಅಂತ ವರದಿ ಹಾಕಿದರು. ಅದನ್ನ ಒಪ್ಪೋದು ಬಿಡೋದು ನಿಮ್ಮ ರಾಜಕೀಯ. ನಾನು ಹೇಳ್ತಿರೋದು, ತನಿಖೆ ಆದ್ದರಿಂದ ಸರ್ಕಾರ ನಿಲ್ಲಲಿಲ್ಲ.

ಇನ್ನೊಂದು ತಮಾಷೆ ಗಮನಿಸಿದ್ರಾ? ಮುಖ್ಯಮಂತ್ರಿ ಮೇಲೆ ತನಿಖೆಗೆ ಅನುಮತಿ ಕೊಡೋರು ರಾಜ್ಯಪಾಲರು. ಜನ ಓಟು ಹಾಕಿ ಗೆಲ್ಲಿಸಿದವರು ಉತ್ತರ ಕೊಡಬೇಕು, ಯಾರೂ ಓಟು ಹಾಕದವರು ಕೊಡಬೇಕಿಲ್ಲ.

ಹೊರದೇಶದ್ದು ಚುಟುಕಾಗಿ. ಅಮೆರಿಕದಲ್ಲಿ 2024ರ ಜುಲೈ 1ಕ್ಕೆ ಅಲ್ಲಿನ ಸುಪ್ರೀಂ ಕೋರ್ಟು 6–3ರಲ್ಲಿ, ಅಧ್ಯಕ್ಷರ ಅಧಿಕೃತ ಕೆಲಸಗಳಿಗೆ ಇಳಿದ ಮೇಲೂ ರಕ್ಷಣೆ ಉಂಟು ಅಂತು. ನಮ್ಮ 361 ಕ್ರಿಮಿನಲ್ ಕೇಸನ್ನ ಅವಧಿ ಮುಗಿಯೋವರೆಗೆ ಮಾತ್ರ ತಡೆಯುತ್ತೆ. ದಕ್ಷಿಣ ಕೊರಿಯಾದಲ್ಲೂ ಅಧ್ಯಕ್ಷರಿಗೆ ರಕ್ಷಣೆ ಇದೆ, ದಂಗೆ ಮತ್ತು ದೇಶದ್ರೋಹ ಬಿಟ್ಟು. ಆ ಒಂದು ಕಿಂಡಿಯಿಂದಲೇ 2025ರ ಜನವರಿಯಲ್ಲಿ ಹಾಲಿ ಅಧ್ಯಕ್ಷ ಯೂನ್ ಸುಕ್ ಯೋಲ್ ಬಂಧನ ಆಯ್ತು. ನಮ್ಮಲ್ಲಿ ಅಂಥ ಕಿಂಡಿ ಇಲ್ಲ.

ಬೊಮ್ಮಾಯಿ ಕಥೆಯಲ್ಲಿ ಒಂದು ಮಾತು ಉಳೀತು. ಅವರು ಗೆದ್ದಾಗ ಕುರ್ಚಿ ಎಲ್ಲಿತ್ತು? 1989ರ ನವೆಂಬರ್‌ನಲ್ಲೇ ಚುನಾವಣೆ ಆಗಿ ಕಾಂಗ್ರೆಸ್ ಬಂದಿತ್ತು. 1994ರ ಹೊತ್ತಿಗೆ ಕರ್ನಾಟಕ ಮೂರು ಮುಖ್ಯಮಂತ್ರಿಗಳನ್ನ ನೋಡಿತ್ತು. ತೀರ್ಪು ಹೇಳ್ತು ವಜಾ ತಪ್ಪು ಅಂತ, ಆದರೆ ವಾಪಸ್ ಕೊಡೋಕೆ ಏನೂ ಉಳಿದಿರಲಿಲ್ಲ. ತಪ್ಪು ವರದಿ ಬರೆದವರಿಗೆ ದಂಡವೂ ಇಲ್ಲ.

ಇದನ್ನೆಲ್ಲ ತಮ್ಮನಿಗೆ ಫೋನಲ್ಲಿ ಹೇಳಿದೆ. ಅರ್ಧ ಗಂಟೆ ಕೇಳಿಸಿಕೊಂಡು ಅವನು ಅಂದ: "ಅಣ್ಣಾ, ಪರೀಕ್ಷಾದಾಗ ನಾಕು ಆಪ್ಷನ್ ಇರ್ತಾವ. ಇದ್ರಾಗ ಯಾವ್ದು ಟಿಕ್ ಮಾಡ್ಲಿ?"

ಮುಂದಿನ ವಾರ ಸವಣೂರಿನ ನವಾಬರ ಕಥೆ ಪೂರ್ತಿ ಹೇಳ್ತೀನಿ, ಖಾರದ ಜೊತೆ. ಸಿಗೋಣ.